ಕಾರ್ಡಿನ ಮನಿ, ಒಲಿ ಮನಿ

ನನ್ನ ಹಾಳೆಯ ಮೊದಲ ಪ್ರಶ್ನೆ ‘ಕುಟುಂಬದ ಒಟ್ಟು ಸದಸ್ಯರು ಎಷ್ಟು?’ ಎಂದಿತ್ತು. ಎದುರಿಗೆ ಎರಡಂಕಿ ಹಿಡಿಯುವಷ್ಟು ಒಂದು ಚೌಕ. ಒಟ್ಟು 42 ಪ್ರಶ್ನೆ. ಸಾಲ, ಕೂಲಿ, ಮೇಸ್ತ್ರಿ ಕೊಟ್ಟ ಮುಂಗಡ, ಮಕ್ಕಳು ಶಾಲೆ ಬಿಟ್ಟಿದ್ದು, ಇವೆಲ್ಲ ಕೊನೆಗಿದ್ದವು. ಮೊದಲಿಗೇ ಬಿಕ್ಕಟ್ಟಿನದು ಕೇಳಿದರೆ ಜನ ಬಾಯಿ ಮುಚ್ಚುತ್ತಾರೆ, ಸರಳವಾದದ್ದರಿಂದ ಶುರು ಮಾಡಬೇಕು ಎಂದು ಸಂಶೋಧನಾ ವಿಧಾನದ ಪುಸ್ತಕಗಳೆಲ್ಲ ಹೇಳುತ್ತವೆ. ನಾನೂ ಹಾಗೇ ಮಾಡಿದ್ದೆ.

2023ರ ಫೆಬ್ರುವರಿ. ಮಸ್ಕಿಯಲ್ಲಿ ಬಸ್ಸಿಳಿದು ಟಂಟಂ ಹತ್ತಿದರೆ ಸಿಗುವ ಊರು. ಮೊದಲ ಮನೆಯ ಕಟ್ಟೆಯ ಮೇಲೆ ಒಬ್ಬ ಅಮ್ಮ ತೊಗರಿ ಹಸನು ಮಾಡುತ್ತ ಕೂತಿದ್ದಳು. ನನ್ನ ಮುಖ ನೋಡಿದಳು, ಹಾಳೆ ನೋಡಿದಳು, ಮೊರ ಕೆಳಗಿಟ್ಟು ಕೇಳಿದಳು:

“ಯಾವ ಮನಿ ಕೇಳ್ತಿ ಯವ್ವಾ? ಕಾರ್ಡಿನ ಮನಿನೋ, ಒಲಿ ಮನಿನೋ?”

ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನೌಕರಿ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದೆ. ಸಮಾಜಶಾಸ್ತ್ರ ಯಾಕೆ ಅಂದರೆ ಹೇಳಿಕೊಳ್ಳುವಂಥ ಕಾರಣವೇನಿಲ್ಲ. “ನಮ್ಮ ಸುತ್ತಲಿಂದೇ ಇರ್ತೈತಿ, ಓದದಿದ್ರೂ ನಾಲ್ಕು ಪುಟ ತುಂಬಬಹುದು” ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದಿದ್ದರು. ಮೂರು ಸೆಮಿಸ್ಟರ್ ಹಾಗೆಯೇ ದಾಟಿದವು. ಸಮಾಜ ಎಂದರೇನು, ಸಮುದಾಯ ಎಂದರೇನು, ಪಾತ್ರ, ಅಂತಸ್ತು, ಪ್ರಾಥಮಿಕ ಗುಂಪು ಎಲ್ಲ ಬಾಯಿಪಾಠ. ಕುಟುಂಬದ ವ್ಯಾಖ್ಯೆಯಂತೂ ಹತ್ತು ಅಂಕಕ್ಕೆ ಬಂದೇ ಬರುವ ಪ್ರಶ್ನೆ. ಅಮೆರಿಕದ ಮಾನವಶಾಸ್ತ್ರಜ್ಞ ಮರ್ಡಾಕ್ 1949ರಲ್ಲಿ ಕೊಟ್ಟದ್ದು: ಒಂದೇ ವಾಸ, ಆರ್ಥಿಕ ಸಹಕಾರ, ಸಂತಾನ. ನಮ್ಮವರೇ ಆದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಅವಿಭಕ್ತ ಕುಟುಂಬಕ್ಕೆ ಕೊಟ್ಟದ್ದು: ಒಂದೇ ಸೂರು, ಒಂದೇ ಒಲೆಯ ಅಡುಗೆ, ಒಟ್ಟಿನ ಆಸ್ತಿ, ಒಟ್ಟಿನ ದೇವರಪೂಜೆ, ನಡುವೆ ರಕ್ತಸಂಬಂಧ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ನಾಲ್ಕನೇ ಸೆಮಿಸ್ಟರಿಗೆ ಕಿರುಪ್ರಬಂಧ ಬಂತು. ಗುಳೆ ಹೋಗುವ ಕುಟುಂಬಗಳ ಬಗ್ಗೆ ಮಾಡುತ್ತೇನೆ ಎಂದೆ. ನನ್ನ ತರಗತಿಯಲ್ಲಿ ಹಾಜರಿ ಹೇಳುವಾಗ ದೀಪಾವಳಿ ಕಳೆದ ಮೇಲೆ ಉತ್ತರ ಬಾರದ ಹೆಸರುಗಳಿರುತ್ತವಲ್ಲ, ಅವರ ಮನೆಯ ಕಥೆ ತಿಳಿಯಬೇಕು ಅನ್ನೋ ಆಸೆ ಇತ್ತು. ಆದರೆ ನನ್ನ ಶಾಲೆಯ ಊರಲ್ಲಿ ಮಾಡಿದರೆ ‘ಅಕ್ಕಾರು’ ಅಂತ ಯಾರೂ ಖರೇ ಹೇಳುವುದಿಲ್ಲ. ಅದಕ್ಕೇ ಬೇರೆ ಊರು.

ಈಗ ಆ ಅಮ್ಮನ ಮನೆಗೆ ಬರುತ್ತೇನೆ. ಗಂಡ ತೀರಿ ಹನ್ನೊಂದು ವರ್ಷ. ಇಬ್ಬರು ಗಂಡುಮಕ್ಕಳು. ದೊಡ್ಡವನು ಹೆಂಡತಿಯೊಂದಿಗೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಅವನ ಎರಡು ಮಕ್ಕಳು ಇಲ್ಲಿ ಅಜ್ಜಿಯ ಹತ್ತಿರ. ಸಣ್ಣವನು ಅದೇ ಮನೆಯ ಆಚೆ ಪಡಸಾಲೆಯಲ್ಲಿ ಹೆಂಡತಿ, ಕೂಸಿನ ಜೊತೆ ಬೇರೆ ಒಲೆ ಹೂಡಿದ್ದಾನೆ. ಮಗಳನ್ನು ಸಿಂಧನೂರು ಕಡೆ ಕೊಟ್ಟಿದ್ದಾರೆ, ಆದರೆ ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಇಲ್ಲೇ ಇದೆ. ಸಣ್ಣ ಸೊಸೆಯ ಹೆಸರು ಅವಳ ತವರಿನ ಕಾರ್ಡಿನಲ್ಲಿ. ಕೂಸಿನ ಹೆಸರು ಯಾವ ಕಾರ್ಡಿನಲ್ಲೂ ಇಲ್ಲ. ಹೊಲ ನಾಲ್ಕು ಎಕರೆ, ಪಾಲಾಗಿಲ್ಲ.

“ಮನಿ ಯಜಮಾನರು ಯಾರಮ್ಮ?” ಅಂದೆ. ಅದು ಎರಡನೇ ಪ್ರಶ್ನೆ.

“ಯಜಮಾನ ಪಹಣ್ಯಾಗ ಅದಾನಲ್ಲ” ಎಂದು ಗೋಡೆಯ ಮೇಲಿನ, ಹಾರ ಹಾಕಿದ ಫೋಟೋ ತೋರಿಸಿದಳು.

ಲೆಕ್ಕ ಹಾಕಿ. ಕಾರ್ಡಿನ ಪ್ರಕಾರ 7 ಜನ. ಒಲೆಯ ಪ್ರಕಾರ ಅಜ್ಜಿ ಮತ್ತು ಎರಡು ಮೊಮ್ಮಕ್ಕಳು, 3. ಸೂರಿನ ಪ್ರಕಾರ ಸಣ್ಣವನ ಸಂಸಾರವೂ ಸೇರಿ 6. ಬೆಂಗಳೂರಿನಿಂದ ದೊಡ್ಡವನು ದುಡ್ಡು ಹಾಕುವುದು ತಮ್ಮನ ಫೋನ್‌ಪೇಗೆ, ತಮ್ಮ ಅದರಲ್ಲಿ ಅವ್ವನಿಗೆ ಜೋಳ, ಎಣ್ಣೆ ತಂದುಕೊಟ್ಟು ಉಳಿದದ್ದರಲ್ಲಿ ಹೊಲಕ್ಕೆ ಗೊಬ್ಬರ ತರುತ್ತಾನೆ. ಆ ದುಡ್ಡಿನ ದಾರಿ ಹಿಡಿದರೆ 8. ಮನೆದೇವರಿಗೆ ಎಲ್ಲರೂ ಕೂಡಿಯೇ ಹೋಗುತ್ತಾರೆ, ಮಗಳು ಅಳಿಯನೂ ಬರುತ್ತಾರೆ. ಚೌಕದಲ್ಲಿ 6 ಬರೆದೆ, ಹೊಡೆದೆ, 3 ಬರೆದೆ, ಅದನ್ನೂ ಹೊಡೆದೆ. ಜೆರಾಕ್ಸ್ ಹಾಳೆ ಹರಿಯಿತು. ಪಾಪ ಅನ್ನಿಸಿತೇನೋ, ಅಮ್ಮ ಒಳಗಿಂದ ನೀರು ತಂದುಕೊಟ್ಟಳು.

ಕರ್ವೆಯವರ ಐದು ಲಕ್ಷಣಗಳಲ್ಲಿ ಈ ಮನೆಗೆ ಮೂರು ಹೊಂದುತ್ತವೆ, ಒಂದು ಅರ್ಧ ಹೊಂದುತ್ತದೆ, ಒಲೆ ಮಾತ್ರ ಒಡೆದಿದೆ. ಹಾಗಾದರೆ ಇದು ಅವಿಭಕ್ತವೋ ವಿಭಕ್ತವೋ? ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ ಇದೇ ತಕರಾರು ತೆಗೆದಿದ್ದರು ಎಂಬುದು ಆಗ ನೆನಪಾಯಿತು: ಒಂದೇ ಮನೆಯಲ್ಲಿ ಇರುವುದರಿಂದಲ್ಲ, ಆಸ್ತಿ, ಆದಾಯ, ಪರಸ್ಪರ ಹೊಣೆ ಇವುಗಳಿಂದ ಕುಟುಂಬ ಕೂಡಿರುತ್ತದೆ ಎಂದು ಅವರ ವಾದ. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಎ.ಎಂ. ಶಾ ಇನ್ನೂ ಮುಂದೆ ಹೋಗಿ, ‘ಮನೆವಾರ್ತೆ’ (ಒಟ್ಟಿಗೆ ಇದ್ದು ಉಣ್ಣುವವರ ಗುಂಪು) ಬೇರೆ, ‘ಕುಟುಂಬ’ ಬೇರೆ, ಎರಡನ್ನೂ ಕಲಸಬೇಡಿ ಎಂದವರು. ಇವೆರಡೂ ನನ್ನ ನೋಟ್ಸಿನಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆಸಿಕೊಂಡು ಕೂತಿದ್ದವು. ಪ್ರಶ್ನೆ ಬರೆಯುವಾಗ ಎರಡರಲ್ಲೊಂದೂ ನೆನಪಾಗಲಿಲ್ಲ.

ಸಂಜೆ ಗೈಡ್ ಸರ್‌ಗೆ ಫೋನ್ ಮಾಡಿದೆ. “ಸೆನ್ಸಸ್ ವ್ಯಾಖ್ಯೆ ಹಾಕಮ್ಮ, ಯಾರೂ ತಕರಾರು ಮಾಡಲ್ಲ” ಅಂದರು. ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಕೆಲಸದ ಒತ್ತಡ ಅಡ್ಡ ಬಾರದ ಹೊರತು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಮನೆ. ಜನಗಣತಿಯ ವ್ಯಾಖ್ಯೆ ಅದು. ಒಳ್ಳೆಯದಾಯಿತು ಎಂದು ರಾತ್ರಿ ಕೂತು ಪ್ರಶ್ನೆ ತಿದ್ದಿದೆ. ಯಾವುದನ್ನು ಅಭ್ಯಾಸ ಮಾಡುತ್ತೀಯೋ ಅದನ್ನು ಮೊದಲು ವ್ಯಾಖ್ಯಾನಿಸು ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ದುರ್ಖೇಮ್ 1895ರಲ್ಲೇ ಹೇಳಿದ್ದಾನಲ್ಲ, ಅದನ್ನು ಪಾಲಿಸಿದೆ ಎಂಬ ಸಮಾಧಾನ.

ಮರುದಿನ ಮೂರು ಮನೆ ಮುಗಿಯುವಷ್ಟರಲ್ಲಿ ಸಮಾಧಾನ ಇಳಿಯಿತು. ಒಲೆ ಹಿಡಿದು ಎಣಿಸಿದರೆ ಬೆಂಗಳೂರಿಗೆ ಹೋದ ಮಗ, ಸೊಸೆ ಲೆಕ್ಕದಿಂದ ಹೊರಬೀಳುತ್ತಿದ್ದರು. ನನ್ನ ಪ್ರಬಂಧ ಇದ್ದದ್ದೇ ಅವರ ಮೇಲೆ. ಗುಳೆ ಹೋದವರನ್ನು ಬಿಟ್ಟು ಗುಳೆಯ ಅಧ್ಯಯನ! ‘ಕೆಲಸದ ಒತ್ತಡ’ ಎಂದರೆ ಎಷ್ಟು ದಿನದ ಒತ್ತಡ? ಹತ್ತಿ ಬಿಡಿಸಲು ಹದಿನೈದು ದಿನ ಹೋದವರೇ? ಉಗಾದಿಯಿಂದ ಉಗಾದಿಗೆ ಹೋದವರೇ? ಎರಡು ವರ್ಷದಿಂದ ಬಾರದೆ, ತಿಂಗಳಿಗೊಮ್ಮೆ ದುಡ್ಡು ಹಾಕುವವರೇ?

ಮತ್ತೆ ಆ ಅಮ್ಮನ ಹತ್ತಿರವೇ ಹೋದೆ. “ನೀವು ಹೆಂಗ ಲೆಕ್ಕ ಹಿಡೀತೀರಿ?” ಎಂದೆ. ಅವಳು ತುಸುವೂ ಯೋಚಿಸಲಿಲ್ಲ. “ಹಬ್ಬಕ್ಕ ಬಂದಾಗ ಯಾರ ಒಲಿ ಮುಂದ ಚೀಲ ಇಳಸ್ತಾರ, ಅವರು ಆ ಮನಿಯವರು.”

ಇದನ್ನೇ ಮೊದಲ ಪ್ರಶ್ನೆಯಾಗಿ ಬರೆದೆ. ಎರಡು ಕಾಲಂ: ಈಗ ಈ ಒಲೆಯಲ್ಲಿ ಉಣ್ಣುವವರು; ಬಂದಾಗ ಈ ಒಲೆಯ ಮುಂದೆ ಚೀಲ ಇಳಿಸುವವರು. ಸರ್ ನೋಡಿ ನಕ್ಕರು, ಆದರೆ ಹೊಡೆದುಹಾಕಲಿಲ್ಲ. ಹೊಸ ಹಾಳೆಗಳ ಜೆರಾಕ್ಸಿಗೆ ಮತ್ತೆ ದುಡ್ಡು ಬಿತ್ತು. ಹತ್ತು ಮನೆಯಲ್ಲಿ ಮೊದಲು ಕೇಳಿ ನೋಡಿ, ಆಮೇಲೆ ಹಾಳೆ ಅಚ್ಚು ಹಾಕಿಸಬೇಕು ಎಂಬ ಪೂರ್ವಪರೀಕ್ಷೆಯ ಪಾಠವನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದವಳು ನಾನು.

ಮನೆ ಆರಿಸುವುದರಲ್ಲಿ ಮಾತ್ರ ಪುಸ್ತಕ ಬಿಟ್ಟು ಕದಲಿರಲಿಲ್ಲ. ಪಂಚಾಯ್ತಿಯ ಮನೆ ಕರದ ಪಟ್ಟಿ ತಂದು, ಒಂದೊಂದು ಮನೆಗೆ ಒಂದೊಂದು ಚೀಟಿ ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ, ನಮ್ಮ ಶಾಲೆಯ ಎರಡನೇ ತರಗತಿಯ ಹುಡುಗಿಯಿಂದ 50 ಚೀಟಿ ಎತ್ತಿಸಿದ್ದೆ. ಸರಳ ಯಾದೃಚ್ಛಿಕ ಮಾದರಿ ಎಂದರೆ ಇದೇ. ಎಲ್ಲ ಮನೆಗೂ ಬರುವ ಅವಕಾಶ ಸಮ. ಬಾಗಿಲಿಗೆ ಹೋದರೆ 50ರಲ್ಲಿ 17ಕ್ಕೆ ಬೀಗ. ಕೆಲವು ಬೀಗ ತುಕ್ಕು ಹಿಡಿದಿದ್ದವು. ಒಂದರ ಬಾಗಿಲಿಗೆ ಅಡ್ಡ ಜಾಲಿಮುಳ್ಳು ಹೊಚ್ಚಿತ್ತು, ನಾಯಿ ಒಳಗೆ ನುಗ್ಗದಿರಲೆಂದು.

“ಪಕ್ಕದ ಮನಿ ತಗೋರಿ ಅಕ್ಕಾರ, ಅವರೂ ನಮ್ಮವರೇ” ಎಂದ ಜೊತೆಗಿದ್ದ ಹುಡುಗ. ಸರ್ ಕೂಡ ಬದಲಿ ಮನೆ ತೆಗೆದುಕೊಂಡು ಮುಗಿಸು ಅಂದರು. ಆದರೆ ತಲೆಯಲ್ಲಿ ಅಮೆರಿಕದ ಒಂದು ಹಳೆ ಕಥೆ ಕೊರೆಯುತ್ತಿತ್ತು. 1936ರ ಅಧ್ಯಕ್ಷೀಯ ಚುನಾವಣೆಗೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಮೇಲೆ ವಾಪಸು ಬಂದವು. ಲ್ಯಾಂಡನ್ ಗೆಲ್ಲುತ್ತಾನೆ ಎಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದ. ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಇದ್ದವರ, ಕಾರು ಇದ್ದವರ ಪಟ್ಟಿಯಿಂದ. ಕಾರ್ಡು ಮರಳಿಸಿದವರೂ ಒಂದು ಬಗೆಯವರೇ. ನಾನು ಬೀಗ ಹಾಕಿದ ಮನೆ ಬಿಟ್ಟು ತೆರೆದ ಮನೆ ಹಿಡಿದರೆ, ಗುಳೆಯ ಬಿಸಿ ತಟ್ಟದವರನ್ನೇ ಆರಿಸಿ ಕೇಳಿದಂತಾಗುತ್ತಿತ್ತು. 17 ಚೀಟಿಗಳನ್ನು ಪಿನ್ ಹಾಕಿ ಎತ್ತಿಟ್ಟೆ. ಮೊಹರಂಗೆ ಎಲ್ಲ ಬರ್ತಾರೆ ಎಂದು ಊರವರು ಹೇಳಿದ್ದರು.

ಊರವರು ಎಂದೆ, ಹೆಸರು ಹೇಳಲಿಲ್ಲ. ಹೇಳುವುದೂ ಇಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹೋಗಿ ಉಳಿದ ಮೈಸೂರು ಸೀಮೆಯ ಹಳ್ಳಿಯನ್ನು ‘ರಾಂಪುರ’ ಎಂದು ಕರೆದರು. ಅದು ಅವರಿಟ್ಟ ಹೆಸರು. ಮಾತಾಡಿದವರಿಗೆ ತೊಂದರೆಯಾಗಬಾರದು ಎಂಬ ರಿವಾಜು. ತಮಾಷೆ ಎಂದರೆ ನಾನು ಬಸ್ಸಿಳಿಯುತ್ತಿದ್ದ ಮಸ್ಕಿ ಜಗತ್ತಿಗೆ ಗೊತ್ತಾದದ್ದೇ ಬಂಡೆಯ ಮೇಲಿನ ಒಂದು ಹೆಸರಿನಿಂದ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ‘ಅಶೋಕ’ ಎಂದು ಕೊರೆದಿದ್ದರಿಂದಲೇ ಉಳಿದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಂದರೆ ಅವನೇ ಎಂಬುದು ಗಟ್ಟಿಯಾಯಿತು. ಅದೇ ಸೀಮೆಯಲ್ಲಿ ನನಗೆ ಹೆಸರು ಮುಚ್ಚಿಡುವ ಕೆಲಸ.

ಜೊತೆಗಿದ್ದ ಹುಡುಗ ಎಂದೆನಲ್ಲ, ಅವನಿಂದ ಒಂದು ದೊಡ್ಡ ತಪ್ಪಾಯಿತು. ತಪ್ಪು ಅವನದಲ್ಲ, ನನ್ನದು. ದಾರಿ ತೋರಿಸಲಿ ಎಂದು ಊರ ಗೌಡರ ಮನೆಯ ಹುಡುಗನನ್ನು ಕರೆದುಕೊಂಡಿದ್ದೆ. ಮೇಲಿನ ಓಣಿಯಲ್ಲಿ ಮಾತು ಸಲೀಸು. ಕೇರಿಗೆ ಹೋದಾಗ ಪ್ರತಿ ಮನೆಯಲ್ಲೂ ಒಂದೇ ಉತ್ತರ. ಸಾಲ ಐತೇನು? ಇಲ್ಲ. ಕೂಲಿ ಸರಿ ಕೊಡ್ತಾರೇನು? ಕೊಡ್ತಾರ. ತೊಂದ್ರಿ? ಏನಿಲ್ರಿ, ಚೊಲೋ ಅದೀವಿ. ಹನ್ನೊಂದು ಹಾಳೆ ತುಂಬಿದವು, ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಅವರು ಕೆಲಸಕ್ಕೆ ಹೋಗುತ್ತಿದ್ದದ್ದು, ಸಾಲ ತರುತ್ತಿದ್ದದ್ದು ಆ ಹುಡುಗನ ಮನೆಯಲ್ಲೇ ಎಂಬುದು ನನಗೆ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಶ್ರೀನಿವಾಸ್ ಕೂಡ ರಾಂಪುರದಲ್ಲಿ ಮುಖಂಡರ ಮನೆಯ ಆಸರೆಯಲ್ಲೇ ಇದ್ದವರು, ಅದರಿಂದ ತಮ್ಮ ನೋಟಕ್ಕೆ ಬಂದ ಮಿತಿಯನ್ನು ಒಪ್ಪಿಕೊಂಡವರು. ‘ಪ್ರಬಲ ಜಾತಿ’, ಅಂದರೆ ಹೊಲ, ತಲೆಯೆಣಿಕೆ, ಅಧಿಕಾರದ ಬಲದಿಂದ ಊರಲ್ಲಿ ಮೇಲುಗೈ ಇರುವ ಜಾತಿ, ಎಂಬ ಪರಿಕಲ್ಪನೆ ಕೊಟ್ಟವರೇ ಅವರು. ಅದನ್ನು ಬರೆದು ಹತ್ತಕ್ಕೆ ಎಂಟು ತೆಗೆದುಕೊಂಡಿದ್ದ ನಾನು ಪ್ರಬಲ ಜಾತಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಸಂದರ್ಶನ ಮಾಡಿದ್ದೆ. ಹನ್ನೊಂದೂ ಹಾಳೆ ಪಕ್ಕಕ್ಕಿಟ್ಟು, ಎರಡು ವಾರ ಬಿಟ್ಟು ಒಬ್ಬಳೇ ಹೋದೆ. ಮೊದಲ ದಿನ ಏನೂ ಕೇಳಲಿಲ್ಲ; ಒಂದು ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತೆ. “ನೀವು ಯಾವ ಪೈಕಿ ರೀ?” ಎಂದು ಅವರೇ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಹಾ ಬಂತು, ಕುಡಿದೆ. ಆಮೇಲೆ ಒಬ್ಬೊಬ್ಬರೇ ಮಾತು ತೆಗೆದರು.

ಅಲ್ಲಿಯೇ ‘ಗುಳೆ’ ಎಂಬ ನನ್ನ ಶಬ್ದವೂ ಏಟು ತಿಂದದ್ದು. ರಜೆಗೆ ಬಂದಿದ್ದ ಮೂವತ್ತರ ಆಸುಪಾಸಿನ ಒಬ್ಬ, ಪ್ಲಾಸ್ಟರಿಂಗ್ ಕೆಲಸದವನು, ಹಾಳೆಯ ಮೇಲಿನ ತಲೆಬರಹ ಓದಿ ಸಿಟ್ಟಾದ. “ಗುಳೆ ಹೋಗಿದ್ದು ನಮ್ಮಪ್ಪ, ಬರಗಾಲದಾಗ, ಕೂಸು ಕುನ್ನಿ ಕಟ್ಕೊಂಡು. ನಾನು ಬೆಂಗ್ಳೂರಾಗ ಕೆಲಸ ಮಾಡ್ತೀನಿ ಅಕ್ಕಾರ. ನಿಮಗ ಲಿಂಗಸುಗೂರಿಗೆ ಹೋಗಿ ಬಂದ್ರ ನೌಕರಿ, ನಮಗ ಗುಳೆ ಏನು?” ಉತ್ತರ ಇರಲಿಲ್ಲ. ಮನುಷ್ಯ ತಾನು ಮಾಡುವ ಕ್ರಿಯೆಗೆ ತಾನೇ ಕೊಡುವ ಅರ್ಥವನ್ನು ಹಿಡಿಯಬೇಕು ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ವೆಬರ್ ಹೇಳುವುದನ್ನು, ‘ವರ್ಸ್ಟೆಹೆನ್’ ಎಂಬ ಉಚ್ಚಾರಕ್ಕೆ ಸಿಗದ ಆ ಜರ್ಮನ್ ಶಬ್ದವನ್ನು, ನಾನು ಅಲ್ಲಿಯವರೆಗೆ ಸ್ಪೆಲ್ಲಿಂಗಿಗಾಗಿ ಮಾತ್ರ ಅಭ್ಯಾಸ ಮಾಡಿದ್ದೆ. ತಲೆಬರಹ ಬದಲಿಸಿದೆ: ‘ದುಡಿಯಲು ಹೊರಗೆ ಹೋದವರ ಮನೆಗಳು’. ಸಿಂಧನೂರು ಕಡೆ ನೆಲ್ಲು ಹಚ್ಚಲು ಟೆಂಪೋದಲ್ಲಿ ಬೆಳಗ್ಗೆ ಹೋಗಿ ಸಂಜೆ ಬರುವ ಹೆಂಗಸರು ಆ ತಲೆಬರಹದೊಳಗೆ ಬರುತ್ತಾರೋ ಇಲ್ಲವೋ ಎಂಬ ಇನ್ನೊಂದು ಜಗಳ ಅದರಿಂದ ಹುಟ್ಟಿತು. ಅದನ್ನು ಇಲ್ಲಿ ಬಿಡುತ್ತೇನೆ.

ಆ ವರ್ಷ ಮೊಹರಂ ಜುಲೈ ಕೊನೆಗೆ ಬಂತು. ಫೆಬ್ರುವರಿಯಲ್ಲಿ ಟಿಕೆಟಿಗೆ ದುಡ್ಡು ಕೊಟ್ಟು ಹೋಗುತ್ತಿದ್ದ ನಾನು ಈಗ ಆಧಾರ್ ತೋರಿಸಿ ಶೂನ್ಯ ಟಿಕೆಟ್‌ನಲ್ಲಿ ಹೋದೆ. ಶಕ್ತಿ ಯೋಜನೆ ಜೂನ್ 11ಕ್ಕೆ ಶುರುವಾಗಿತ್ತು. ಊರು ಗುರುತೇ ಸಿಗಲಿಲ್ಲ. ಬೀಗ ಇದ್ದ ಬಾಗಿಲುಗಳ ಮುಂದೆ ರಂಗೋಲಿ, ಬೈಕು, ಹೊಸ ಅಂಗಿಯ ಹುಡುಗರು. ನಮ್ಮ ಕಡೆ ಮೊಹರಂ ಅಂದರೆ ಅಲಾಯಿ ದೇವರು, ಅದು ಬರೇ ಮುಸಲ್ಮಾನರ ಹಬ್ಬವಲ್ಲ. ಬೇಡಿಕೊಂಡ ಎಲ್ಲರ ಮನೆಯ ಮಕ್ಕಳೂ ಫಕೀರರಾಗುತ್ತಾರೆ, ಸಕ್ಕರೆ ಓದಿಸುವ ಸಾಲಿನಲ್ಲಿ ಯಾವ ಜಾತಿಯವರು ಎಂದು ಕೇಳುವವರಿಲ್ಲ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಬೀಳುವಾಗ ಕೈಯಲ್ಲಿದ್ದ ಪೆನ್ನು ಜೇಬಿಗಿಟ್ಟೆ. ಸಹಭಾಗಿ ಅವಲೋಕನ (ಜನರೊಳಗೆ ಬೆರೆತು ನೋಡುವುದು) ಎಂದು ಪ್ರಬಂಧದಲ್ಲಿ ಬರೆದಿದ್ದೇನೆ, ನಿಜ ಹೇಳಬೇಕೆಂದರೆ ಅಲ್ಲಿ ಅವಲೋಕನ ಕಡಿಮೆ.

ಮರುದಿನದ ದೃಶ್ಯ ಬೇರೆ. ಅಗಸಿ ಕಟ್ಟೆಯ ಮೇಲೆ ಮೇಸ್ತ್ರಿ ಕೂತು ಮುಂಗಡ ಎಣಿಸುತ್ತಿದ್ದ. ಇತ್ತ ಇಬ್ಬರು ಹಿರಿಯರು ಕನ್ಯೆ ನೋಡುವ ಮಾತು ಮುಗಿಸಿದರು. ಅಣ್ಣತಮ್ಮಂದಿರು ಬೇವಿನ ಗಿಡದ ಕೆಳಗೆ ವರ್ಷದ ಲೆಕ್ಕ ಹರಿದುಕೊಂಡರು, ಒಂದು ಕಡೆ ಕೈಕೈ ಮಿಲಾಯಿಸುವತನಕ ಹೋಯಿತು. ಸಮಾಜಶಾಸ್ತ್ರಜ್ಞ ಮರ್ಟನ್ ಹೇಳಿದ ಪ್ರಕಟ ಕಾರ್ಯ (ಎಲ್ಲರಿಗೂ ಕಾಣುವ ಉದ್ದೇಶ), ಸುಪ್ತ ಕಾರ್ಯಕ್ಕೆ (ಅದರ ಮರೆಯಲ್ಲಿ ಆಗಿಹೋಗುವ ಕೆಲಸ) ಇದಕ್ಕಿಂತ ಉದಾಹರಣೆ ಬೇಕೆ ಎಂದುಕೊಂಡೆ. ಪುಸ್ತಕದಲ್ಲಿ ಅದಕ್ಕೆ ಅಮೆರಿಕದ ಹೋಪಿ ಬುಡಕಟ್ಟಿನವರ ಮಳೆ ಕುಣಿತವನ್ನೇ ವರ್ಷಗಟ್ಟಲೆ ಓದಿಸುತ್ತಾರೆ. ಪಕ್ಕದ ಮುದಗಲ್ಲಿಗೆ ಮೊಹರಂ ನೋಡಲು ಜನಸಾಗರ ಬರುತ್ತದೆ. ನಮ್ಮ ಪಠ್ಯಕ್ಕೆ ಅದು ಬರುವುದಿಲ್ಲ.

17 ಚೀಟಿ ಕೈಯಲ್ಲಿ ಹಿಡಿದು ಹೊರಟೆ. ಈಗ ನನ್ನ ಸುತ್ತ ಹೆಂಗಸರ ಗುಂಪು. “ಅಕ್ಕಾರ, ನಂದು ಬರ್ಕೋರಿ”, “ನಂದು ಮೊದಲ.” ಏನೆಂದರೆ ಅದೇ ತಿಂಗಳ 19ರಿಂದ ಗೃಹಲಕ್ಷ್ಮಿ ನೋಂದಣಿ ಶುರುವಾಗಿತ್ತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಅಂದರೆ ರೇಷನ್ ಕಾರ್ಡಿನಲ್ಲಿ ಹಾಗೆಂದು ನಮೂದಾದವಳು. ಸರ್ಕಾರಿ ಅರ್ಜಿ ಹಾಕುವ ಗ್ರಾಮ ಒನ್ ಕೇಂದ್ರದ ಮುಂದೆ ಪಾಳಿ. ಹಾಳೆ ಹಿಡಿದ ನಾನು ಆ ಕೆಲಸದವಳೇ ಎಂದು ಎಲ್ಲರ ತಿಳುವಳಿಕೆ. ಅಲ್ಲ ಎಂದು ಬಿಡಿಸಿ ಹೇಳಿದೆ. ನಂಬಿದಂತೆ ತಲೆ ಆಡಿಸಿ, ಮತ್ತೆ ಕಾರ್ಡ್ ಚಾಚಿದರು.

ಮೊದಲಿನ ಅಮ್ಮನ ಮನೆಗೂ ಹೋದೆ. ದೊಡ್ಡ ಮಗ, ಸೊಸೆ ಬಂದಿದ್ದರು. ಸೊಸೆ ಬೆಂಗಳೂರಿನಿಂದ ತಂದ ಚೀಲ ಯಾರ ಒಲೆಯ ಮುಂದೂ ಇಳಿದಿರಲಿಲ್ಲ, ನಡುಮನೆಯಲ್ಲಿ ಗೋಡೆಗೆ ಒರಗಿತ್ತು. ಕಾರ್ಡಿನಲ್ಲಿ ಯಜಮಾನಿ ಎಂದಿದ್ದದ್ದು ಅತ್ತೆ. “ನಾವು ಬ್ಯಾರೆ ಅದೀವಿ, ಬ್ಯಾರೆ ಅಂತ ಬರೀರಿ” ಎಂದಳು ದೊಡ್ಡ ಸೊಸೆ. “ನಾವೂ ಬ್ಯಾರೆನ” ಎಂದಳು ಸಣ್ಣವಳು. ಫೆಬ್ರುವರಿಯಲ್ಲಿ “ಎಲ್ಲಾ ಒಂದ ನಾವು” ಎಂದು ಇದೇ ಸಣ್ಣವಳು ಹೇಳಿದ್ದು ನನ್ನ ಹಾಳೆಯಲ್ಲಿತ್ತು. ಅಮ್ಮ ಏನೂ ಅನ್ನಲಿಲ್ಲ.

ಜನ ಒಂದು ಸನ್ನಿವೇಶವನ್ನು ನಿಜವೆಂದು ವ್ಯಾಖ್ಯಾನಿಸಿಕೊಂಡರೆ ಅದರ ಪರಿಣಾಮಗಳೂ ನಿಜವಾಗುತ್ತವೆ ಎಂದು ಸಮಾಜಶಾಸ್ತ್ರಜ್ಞರಾದ ಡಬ್ಲ್ಯು.ಐ. ಥಾಮಸ್ ಮತ್ತು ಡೊರೊತಿ ಥಾಮಸ್ 1928ರಲ್ಲಿ ಬರೆದರು. ನಾನು ಜನರ ಮನೆ ಎಣಿಸಲು ಸರಿಯಾದ ವ್ಯಾಖ್ಯೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಕಾರ್ಡಿನ ವ್ಯಾಖ್ಯೆ ಬಂದು ಮನೆಗಳನ್ನೇ ಬೇರೆ ಮಾಡುತ್ತಿತ್ತು. ಗೃಹಲಕ್ಷ್ಮಿಯ ಮೇಲೆ ನನಗೆ ತಕರಾರಿಲ್ಲ. ಆ ದುಡ್ಡು ಎಷ್ಟು ಮನೆಗಳ ಉಪ್ಪು, ಎಣ್ಣೆ ನಡೆಸಿದೆ ಎಂದು ಶಾಲೆಯಲ್ಲಿ ಕೂತೇ ನನಗೆ ಗೊತ್ತು. ಆದರೆ ಅವತ್ತು ಆ ನಡುಮನೆಯಲ್ಲಿ ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ. ಎರಡೂ ಸಲದ ಉತ್ತರ ಹಾಗೇ ಉಳಿಸಿಕೊಂಡೆ, ಒಂದನ್ನೂ ತಿದ್ದಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಅದರದೇ.

ಉಳಿದದ್ದು ಬೇಗ ಹೇಳುತ್ತೇನೆ. ಕೋಷ್ಟಕ ಹಾಕಲು ಬಾರದೆ ಪರಿಚಯದ ಹುಡುಗನೊಬ್ಬನಿಗೆ 500 ರೂಪಾಯಿ ಕೊಟ್ಟು ಎಕ್ಸೆಲ್‌ನಲ್ಲಿ ಮಾಡಿಸಿದೆ. ಮೌಖಿಕ ಪರೀಕ್ಷೆಗೆ ಬಂದವರು ಹಾಳೆ ತಿರುವಿ, “ಒಂದೇ ಮನೆಗೆ ಎರಡು ಸಂಖ್ಯೆ ಯಾಕೆ? ಯಾವುದು ಸರಿ?” ಎಂದು ಕೇಳಿದರು. ಎರಡೂ ಸರಿ ಸರ್, ಕೇಳಿದ ತಿಂಗಳು ಬೇರೆ ಎಂದೆ. ಇದು ನ್ಯೂನತೆ ಎಂದು ಬರೆದರು. ಅಂಕ ಪರವಾಗಿಲ್ಲ.

ಕಳೆದ ವರ್ಷ, 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆದಾಗ ನಮ್ಮನ್ನೇ ಗಣತಿದಾರರಾಗಿ ಹಾಕಿದರು. 60 ಪ್ರಶ್ನೆ, ಮೊಬೈಲ್ ಆಪ್‌ನಲ್ಲಿ. ಈ ಸಲ ಮನೆ ಗುರುತಿಸಿದ್ದು ಕರೆಂಟ್ ಮೀಟರಿನಿಂದ. ಜೆಸ್ಕಾಂನ ಮೀಟರ್ ರೀಡರುಗಳು ಮೊದಲೇ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ನನ್ನ ಪಾಲಿಗೆ ಬಂದ ಒಂದು ಅಂಗಳದಲ್ಲಿ ಮೀಟರ್ ಒಂದು, ಒಲೆ ಮೂರು, ಕಾರ್ಡ್ ಎರಡು. ಅಲ್ಲಿನ ಹಿರಿಯಕ್ಕನನ್ನು ‘ಎಷ್ಟು ಮಂದಿ ಅದೀರಿ?’ ಎಂದು ಕೇಳಲಿಲ್ಲ. “ಯಾವ್ಯಾವ ಮನಿ ಅದಾವು ಹೇಳವ್ವ” ಎಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಬೆರಳು ಮಡಚುತ್ತ ಅರ್ಧ ತಾಸು ಹೇಳಿದಳು.

ಕೊನೆಗೆ ಓಟಿಪಿ ಬೇಕಾಯಿತು. ಅದು ಹೋದದ್ದು ಬೆಂಗಳೂರಿನಲ್ಲಿದ್ದ ಮಗನ ನಂಬರಿಗೆ. ಎರಡು ಸಲ ರಿಂಗಾಗಿ ನಿಂತಿತು. ಮೂರನೇ ಸಲಕ್ಕೆ ಎತ್ತಿದ. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು. ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿದ. ನಾನು ಒತ್ತುತ್ತಿರುವಾಗಲೇ ಕೇಳಿದ:

“ಅಕ್ಕಾರ, ನನ್ನ ಅಲ್ಲೇ ಹಿಡದ್ರೋ, ಇಲ್ಲೇ ಹಿಡದ್ರೋ?”